ಆಂಪ್ ಬದಲಿಸುವ ಮುನ್ನ: ಹೆಡ್‌ಫೋನ್ ಜೋಡಿಯಲ್ಲಿ ದೋಷ ಹುಡುಕುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ದುಬಾರಿ ಹೆಡ್‌ಫೋನ್ ಕೊಳ್ಳುವವರಲ್ಲಿ ಹೆಚ್ಚಿನವರು ಕಿವಿಗೆ ಹಾಕಿ ನೋಡದೆಯೇ ತರಿಸುತ್ತಾರೆ. ರಿವ್ಯೂ ಓದಿ, ವಿಡಿಯೋ ನೋಡಿ, ದುಡ್ಡು ಕಟ್ಟಿ, ಕೊರಿಯರ್‌ನವನ ದಾರಿ ಕಾಯುವುದು. ಡಬ್ಬಿ ಬಿಚ್ಚಿದ ವಾರದೊಳಗೆ ನನಗೆ ಫೋನ್ ಬರುತ್ತದೆ: "ಅಣ್ಣ, ಸೆನ್‌ಹೈಸರ್ ಎಚ್‌ಡಿ 600 ಬಂತು. ಎಲ್ಲರೂ ಹೊಗಳ್ತಾರೆ, ನನಗೆ ಸಪ್ಪೆ ಅನಿಸ್ತಿದೆ. ಯಾವ ಆಂಪ್ ತಗೊಳ್ಲಿ?" ಆಂಪ್ ಅಂದರೆ ಹೆಡ್‌ಫೋನಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್ ಡಬ್ಬಿ. ತಗೊಳ್ಳೋ ಮಾತು ಆಮೇಲೆ, ಮೊದಲು ಏನು ಕೇಳಿಸ್ತಿದೆ ಸರಿಯಾಗಿ ಹೇಳು ಅನ್ನುತ್ತೇನೆ. "ಜೋಡಿ ಹೊಂದಿಲ್ಲ", ಅಂದರೆ ಈ ಹೆಡ್‌ಫೋನಿಗೂ ಈ ಆಂಪ್‌ಗೂ ಕೂಡಿಬರುತ್ತಿಲ್ಲ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ಬಹುಪಾಲಿಗೂ ಜೋಡಿಗೂ ಸಂಬಂಧವೇ ಇರುವುದಿಲ್ಲ. ಪ್ಯಾಡ್ ಸರಿಯಾಗಿ ಕೂತಿರುವುದಿಲ್ಲ, ಪಿನ್ ಸಡಿಲವಾಗಿರುತ್ತದೆ, ಮನೆಯ ಅರ್ಥಿಂಗ್ ಸತ್ತಿರುತ್ತದೆ, ಅಡಾಪ್ಟರ್ ತಪ್ಪಿರುತ್ತದೆ. ಇಂಥದ್ದಕ್ಕೆ ಹೊಸ ಆಂಪ್ ತಂದರೆ ಹಳೆಯ ದೋಷ ಹೊಸ ಡಬ್ಬಿಗೆ ವರ್ಗವಾಗುತ್ತದೆ ಅಷ್ಟೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಗ್ಗದ ಡಿಜಿಟಲ್ ಮಲ್ಟಿಮೀಟರ್, ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 33 ಓಮ್‌ನ ರೆಸಿಸ್ಟರ್, ಫೋನಿನಲ್ಲಿ ಟೋನ್ ಹೊರಡಿಸುವ ಯಾವುದಾದರೂ ಆ್ಯಪ್, ಜೊತೆಗೆ ಹಾಳಾದರೂ ಚಿಂತೆಯಿಲ್ಲದ ಒಂದು ಹಳೆಯ ಇಯರ್‌ಫೋನ್. ಗೊತ್ತಿಲ್ಲದ ಆಂಪ್‌ಗೆ ಮೊದಲು ಚುಚ್ಚುವುದು ಆ ಇಯರ್‌ಫೋನನ್ನೇ.

ಒಂದು ಕಡೆ ಕಡಿಮೆ, ಒಂದು ಕಡೆ ಕರಕರ

ಮೊದಲು ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಳ್ಳಿ, ಎಡದ ಕಪ್ ಬಲಗಿವಿಗೆ ಬರಲಿ. ದೋಷ ಕಪ್ಪಿನ ಜೊತೆ ಆಚೆ ಹೋಗದೆ ಅದೇ ಕಿವಿಯಲ್ಲಿ ಉಳಿದರೆ ಕಿವಿಯ ಡಾಕ್ಟರ ಹತ್ತಿರ ಹೋಗಿ ಗುಗ್ಗೆ ತೆಗೆಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಇದರಿಂದಲೇ ವಾಸಿಯಾದವರಿದ್ದಾರೆ.

ದೋಷ ಜೊತೆಗೇ ಹೋಯಿತು ಅಂದರೆ ಕಪ್ಪಿಗೆ ಚುಚ್ಚುವ ಕೇಬಲ್ ತುದಿಗಳನ್ನು ಅದಲು ಬದಲು ಮಾಡಿ. ಎಚ್‌ಡಿ 600, ಎಚ್‌ಡಿ 650, ಹೈಫೈಮ್ಯಾನ್, ಆಡೀಜಿಯಂಥವುಗಳಲ್ಲಿ ಎರಡೂ ಕಡೆ ಕೇಬಲ್ ಬಿಚ್ಚಿಬರುತ್ತದೆ, ಕೆಲಸ ಸುಲಭ. ಆಮೇಲೂ ಅದೇ ಕಪ್ ಅಳುತ್ತಿದ್ದರೆ ಡ್ರೈವರ್ (ಕಪ್ಪಿನೊಳಗೆ ದನಿ ಹೊರಡಿಸುವ ಭಾಗ) ಅಥವಾ ಪ್ಯಾಡ್. ಇನ್ನೊಂದು ಕಪ್ಪಿಗೆ ಹಾರಿದರೆ ಕೇಬಲ್ ಅಥವಾ ಅದಕ್ಕಿಂತ ಹಿಂದಿನದು. ಈಗ ಆಂಪ್‌ನ ಹಿಂದೆ ಸಿಗ್ನಲ್ ತರುವ ಆರ್‌ಸಿಎ ಕೇಬಲ್ಲಿನ ಕೆಂಪು-ಬಿಳಿ ತುದಿಗಳನ್ನು ಅದಲು ಬದಲು ಮಾಡಿ. ದೋಷ ಮತ್ತೆ ಕಡೆ ಬದಲಿಸಿತೇ, ಡ್ಯಾಕ್ (ಡಿಜಿಟಲ್ ಹಾಡನ್ನು ದನಿಯ ಸಿಗ್ನಲ್ಲಾಗಿಸುವ ಡಬ್ಬಿ) ಅಥವಾ ಆರ್‌ಸಿಎ ಕೇಬಲ್. ಬದಲಿಸಲಿಲ್ಲವೇ, ಆಂಪ್ ಅಥವಾ ಹೆಡ್‌ಫೋನ್ ಕೇಬಲ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ವಾಲ್ಯೂಮ್ ತುಂಬಾ ಕಡಿಮೆಯಿದ್ದಾಗ ಮಾತ್ರ ಒಂದು ಕಡೆಗೆ ವಾಲುತ್ತದೆ, ಏರಿಸಿದರೆ ಸಮವಾಗುತ್ತದೆ ಅನ್ನುವುದು ವಾಲ್ಯೂಮ್ ಗುಂಡಿಯ ಒಳಗಿನ ಪೊಟೆನ್ಶಿಯೋಮೀಟರಿನ ಹುಟ್ಟುಗುಣ. ಒಂದೇ ದಂಡಕ್ಕೆ ಕೂತ ಎರಡು ಪಟ್ಟಿಗಳು ಆರಂಭದ ಭಾಗದಲ್ಲಿ ಸರಿಸಮ ನಡೆಯುವುದಿಲ್ಲ. ಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅಂತ ಹೇಳುವ ಗೇನ್ ಸ್ವಿಚ್ಚನ್ನು ಕೆಳಗಿಳಿಸಿ, ಅಥವಾ ಕಂಪ್ಯೂಟರಿನ ವಾಲ್ಯೂಮ್ ತಗ್ಗಿಸಿ, ಗುಂಡಿಯನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹತ್ತು-ಹನ್ನೊಂದು ಗಂಟೆಯ ಆಚೆ ತಿರುಗಿಸಿ ಕೇಳಿ. ಗುಂಡಿ ತಿರುಗಿಸುವಾಗ ಕರಕರ ಬಂದರೆ ಅದು ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಇನ್ನೊಂದು ವಿಚಿತ್ರ ದೂರಿದೆ: ವಾದ್ಯ ಎಲ್ಲ ಕೇಳುತ್ತೆ, ಹಾಡುವವರೇ ಮಾಯ. ಕೇಳಿದ ತಕ್ಷಣ ಹೇಳಬಹುದು, ಗ್ರೌಂಡ್ ತಂತಿ ಕಡಿದಿದೆ ಅಥವಾ ಪಿನ್ ಪೂರ್ತಿ ಒಳಗೆ ಹೋಗಿಲ್ಲ. ಎರಡೂ ಕಡೆಗೆ ಸೇರಿದ ವಾಪಸ್ ದಾರಿ ಮುಚ್ಚಿದಾಗ ಎಡ-ಬಲದ ವ್ಯತ್ಯಾಸವಷ್ಟೇ ಉಳಿಯುತ್ತದೆ. ಹಾಡುಗಾರರ ದನಿ ಎರಡೂ ಕಡೆ ಒಂದೇ ಇರುವುದರಿಂದ ಅಳಿಸಿಹೋಗುತ್ತದೆ. 3.5ರಿಂದ 6.35 ಮಿಮೀಗೆ ಬದಲಿಸುವ ತಿರುಪಿನ ಅಡಾಪ್ಟರ್ ಸಡಿಲವಾದಾಗ ಇದು ತೀರಾ ಸಾಮಾನ್ಯ. ಹಾಡುಗಾರರು ಮಾಯವಾಗಿಲ್ಲ, ಆದರೆ ತಲೆಯ ನಡುವೆ ನಿಲ್ಲದೆ ಹರಡಿಕೊಂಡಿದ್ದಾರೆ, ಜೊತೆಗೆ ಬೇಸ್ ಬತ್ತಿದೆ ಅಂದರೆ ಒಂದು ಕಡೆಯ ಪ್ಲಸ್-ಮೈನಸ್ ತಿರುವುಮುರುವಾಗಿದೆ. ಸ್ಥಳೀಯವಾಗಿ ಬೆಸುಗೆ ಹಾಕಿಸಿದ ಕೇಬಲ್ಲುಗಳನ್ನು ಮೊದಲು ಅನುಮಾನಿಸಿ. ಮೀಟರನ್ನು ಬೀಪ್‌ಗೆ ಇಟ್ಟು ಜ್ಯಾಕಿನ ತುದಿಯಿಂದ ಎಡದ ಪ್ಲಸ್‌ಗೆ, ನಡುವಿನ ಉಂಗುರದಿಂದ ಬಲದ ಪ್ಲಸ್‌ಗೆ ಹಿಡಿದರೆ ಗುಟ್ಟು ಬಯಲು.

ದನಿ ಸಾಲದು

ಓಮ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್) ಹೆಚ್ಚಿದ್ದರೆ ಓಡಿಸುವುದು ಕಷ್ಟ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಕಥೆ ಬೇರೆ. ಹಾಡಿನ ಏರುಗಳು 110 ಡೆಸಿಬಲ್ ಮುಟ್ಟಬೇಕು ಅಂತಿಟ್ಟುಕೊಳ್ಳಿ.

ಸೆನ್‌ಹೈಸರ್ ಎಚ್‌ಡಿ 600: 300 ಓಮ್, ಒಂದು ಮಿಲಿವ್ಯಾಟಿಗೆ 97 ಡೆಸಿಬಲ್. ಬೇಕಾಗುವುದು 20 ಮಿಲಿವ್ಯಾಟ್. ಅಂದರೆ ಸುಮಾರು 2.45 ವೋಲ್ಟ್, ಕರೆಂಟ್ ಬರೀ 8 ಮಿಲಿಆಂಪಿಯರ್.

ಹೈಫೈಮ್ಯಾನ್ ಎಚ್‌ಇ-6: 50 ಓಮ್, 83.5 ಡೆಸಿಬಲ್. ಬೇಕಾಗುವುದು ಸುಮಾರು 450 ಮಿಲಿವ್ಯಾಟ್. 4.7 ವೋಲ್ಟ್, 95 ಮಿಲಿಆಂಪಿಯರ್.

ಆಡೀಜಿ ಎಲ್‌ಸಿಡಿ-ಎಕ್ಸ್: 20 ಓಮ್, 103 ಡೆಸಿಬಲ್. 5 ಮಿಲಿವ್ಯಾಟ್ ಸಾಕು. ವೋಲ್ಟ್ 0.32.

ಈ ಮೂರರಲ್ಲಿ ನಿಜವಾದ ಹೊಟ್ಟೆಬಾಕ 50 ಓಮ್‌ನ ಎಚ್‌ಇ-6. ಎಚ್‌ಡಿ 600 ಕೇಳುವುದು ವೋಲ್ಟೇಜು, ಅದೂ ಅಷ್ಟೇನಲ್ಲ. 1 ವೋಲ್ಟ್ ಕೊಡುವ, ಫೋನಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಡಾಂಗಲ್‌ನಲ್ಲೂ ಅದು 102 ಡೆಸಿಬಲ್ ತನಕ ಹೋಗುತ್ತದೆ. ಈಗಿನ ಸಿನಿಮಾ ಹಾಡಿಗೆ ಅದು ಧಾರಾಳ, ಮೆಲ್ಲನೆ ರೆಕಾರ್ಡ್ ಆದ ಶಾಸ್ತ್ರೀಯ ಕಛೇರಿಗೆ ಸಾಲದು. ಆದ್ದರಿಂದ "ಸಪ್ಪೆ" ಅಂದವರಿಗೆ ನನ್ನ ಮೊದಲ ಪ್ರಶ್ನೆ, ವಾಲ್ಯೂಮ್ ಗುಂಡಿ ಎಷ್ಟರಲ್ಲಿದೆ? ಅರ್ಧಕ್ಕಿಂತ ಕೆಳಗೇ ಕಿವಿ ತುಂಬುತ್ತಿದ್ದರೆ ಶಕ್ತಿಯ ಕೊರತೆಯಿಲ್ಲ. "ಜೋರಾಗೇ ಇದೆ, ಆದರೆ ಆಂಪ್ ಓಡಿಸ್ತಿಲ್ಲ" ಅನ್ನುವ ವಾದ ಪೂರೈಕೆ ಎಟಕುವಷ್ಟಿರುವಾಗ ನಿಲ್ಲುವುದಿಲ್ಲ.

ಲೆಕ್ಕದ ಪ್ರಕಾರ ಸಾಕಾಗಬೇಕು, ಆದರೂ ಸಾಲುತ್ತಿಲ್ಲ ಅಂದಾಗ ಎರಡು ಕಡೆ ನೋಡಿ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪಲ್ ಡಾಂಗಲ್ ಹಾಕಿದರೆ ಡಾಂಗಲ್ಲಿನ ಒಳಗಿನ ವಾಲ್ಯೂಮ್ ಪೂರ್ತಿ ಏರುವುದೇ ಇಲ್ಲ. ಯುಎಸ್‌ಬಿ ಡ್ಯಾಕನ್ನು ನೇರವಾಗಿ ಹಿಡಿಯುವ ಪ್ಲೇಯರ್ ಆ್ಯಪ್ ಹಾಕಿದರೆ ಸರಿಹೋಗುತ್ತದೆ. ಎರಡನೆಯದು ಅಡಾಪ್ಟರ್. ಶಿಟ್ ಮ್ಯಾಗ್ನಿ, ಜೆಡಿಎಸ್ ಲ್ಯಾಬ್ಸ್ ಆಟಂ ಇವುಗಳ ಹಲವು ಆವೃತ್ತಿಗಳು, ಓ2, ಈ ಆಂಪ್‌ಗಳೆಲ್ಲ ಗೋಡೆಯ ಅಡಾಪ್ಟರಿನಿಂದ ಡಿಸಿ ಕೇಳುವುದಿಲ್ಲ, ಎಸಿಯನ್ನೇ ಕೇಳುತ್ತವೆ. ಆ ಎಸಿ ಅಲೆಯ ಎರಡು ಅರ್ಧಗಳಿಂದ ಒಳಗೆ ಪ್ಲಸ್ ಒಂದು, ಮೈನಸ್ ಒಂದು ರೈಲ್ (ವಿದ್ಯುತ್ ಪೂರೈಕೆಯ ಸಾಲು) ಮಾಡಿಕೊಳ್ಳುತ್ತವೆ. ಅಡಾಪ್ಟರ್ ಸುಟ್ಟಾಗ ಅಂಗಡಿಯವನು "ವೋಲ್ಟ್ ಒಂದೇ ಸಾರ್, ಪಿನ್ನೂ ಕೂರುತ್ತೆ" ಅಂತ ರೂಟರಿನ ಡಿಸಿ ಅಡಾಪ್ಟರ್ ಕೊಟ್ಟರೆ ಒಂದು ರೈಲಿಗೆ ಮಾತ್ರ ಊಟ ಸಿಗುತ್ತದೆ. ಆಂಪ್ ಆನ್ ಆಗದಿರಬಹುದು, ಇಲ್ಲವೇ ದನಿ ಒಡೆಯಬಹುದು, ಕೆಟ್ಟ ದಿನವಾದರೆ ಔಟ್‌ಪುಟ್ಟಿಗೆ ಡಿಸಿ ಬಂದು ಹೆಡ್‌ಫೋನ್ ಕಾಯಿಲ್ ಸುಡಬಹುದು. ಅಡಾಪ್ಟರಿನ ಬೆನ್ನ ಮೇಲೆ ಔಟ್‌ಪುಟ್ ಎದುರು ಅಲೆಯ ಗೆರೆಯಿದ್ದರೆ ಎಸಿ, ನೇರ ಗೆರೆಯ ಕೆಳಗೆ ಚುಕ್ಕಿಗೆರೆಯಿದ್ದರೆ ಡಿಸಿ. ಅಮೆರಿಕದಿಂದ ಸಂಬಂಧಿಕರು ತಂದುಕೊಟ್ಟ ಆಂಪ್ ಆದರೆ ಇನ್‌ಪುಟ್ಟಿನ 115 ವೋಲ್ಟ್ ಬರಹವನ್ನು ಓದದೆ ನಮ್ಮ 230ಕ್ಕೆ ಚುಚ್ಚಬೇಡಿ.

ಬೇಸ್ ಇಲ್ಲ

ಪ್ಲಾನರ್ ಹೆಡ್‌ಫೋನುಗಳು (ಆಯಸ್ಕಾಂತಗಳ ಪಕ್ಕ ಚಪ್ಪಟೆ ತೆಳು ಪೊರೆ ಕುಣಿಯುವ ಜಾತಿ; ಮೇಲಿನ ಹೈಫೈಮ್ಯಾನ್, ಆಡೀಜಿಯಂಥವು) ಬೇಸ್‌ನಲ್ಲಿ ತಳದವರೆಗೂ ಇಳಿಯುತ್ತವೆ, ಆದರೆ ಪ್ಯಾಡ್ ಕೆನ್ನೆಗೆ ಅಂಟಿ ಕೂತಿದ್ದರೆ ಮಾತ್ರ. ಕನ್ನಡಕದ ಕಡ್ಡಿ, ದಪ್ಪ ಕೂದಲು, ಬಿಸಿಲಿಗೆ ಸಿಪ್ಪೆ ಎದ್ದ ರೆಕ್ಸಿನ್ ಪ್ಯಾಡ್, ಯಾವುದಿದ್ದರೂ ಗಾಳಿ ಸೋರಿ ಬೇಸ್ ಹೋಗುತ್ತದೆ. ಕನ್ನಡಕ ತೆಗೆದು, ಎರಡೂ ಕಪ್ ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ತಟ್ಟನೆ ಬಂದರೆ ಬೇಕಾಗಿರುವುದು ಹೊಸ ಪ್ಯಾಡು. ಹೈಫೈಮ್ಯಾನಿನ ಓರೆ ಪ್ಯಾಡುಗಳಲ್ಲಿ ದಪ್ಪ ಭಾಗ ಕಿವಿಯ ಹಿಂದೆ ಬರಬೇಕು. ತೊಳೆದು ಮತ್ತೆ ಹಾಕುವಾಗ ತಿರುಗಿಸಿಬಿಡುವವರೇ ಹೆಚ್ಚು.

ಎಚ್‌ಡಿ 600ರಲ್ಲಿ ತೀರಾ ಕೆಳಗಿನ ಬೇಸ್ ಹುಟ್ಟಾ ಕಡಿಮೆ. ಎಚ್‌ಡಿ 800ರಲ್ಲಿ 6 ಕಿಲೋಹರ್ಟ್ಸ್ ಆಸುಪಾಸು ಒಂದು ಏರು ಇದೆ, 'ಸ' ಅಕ್ಷರ ಕಿವಿಗೆ ಚುಚ್ಚುವುದು ಅದಕ್ಕೇ; 800 ಎಸ್‌ನಲ್ಲಿ ಆ ಸದ್ದನ್ನು ಹೀರುವ ಹೀರುಕ ಹಾಕಿ ಅದನ್ನು ತಗ್ಗಿಸಿದ್ದಾರೆ. ಇವು ದೋಷಗಳಲ್ಲ, ಆ ಹೆಡ್‌ಫೋನಿನ ಜಾಯಮಾನ. ಈಕ್ವಲೈಸರ್‌ನಲ್ಲಿ ಸರಿಮಾಡಿಕೊಳ್ಳಿ. ಅದಕ್ಕೆಂದು ಆಂಪ್ ಕೊಳ್ಳುವುದು ದುಡ್ಡು ದಂಡ.

ಗುಂಯ್ ಅನ್ನುವ ಹಮ್

ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಕಾಡುವುದು ಇದು.

ಹಾಡನ್ನು ಪಾಸ್ ಮಾಡಿ, ಅಂದರೆ ನಡುವೆ ತಡೆದು ನಿಲ್ಲಿಸಿ. ಶಬ್ದ ನಿಂತರೆ ಅದು ರೆಕಾರ್ಡಿಂಗಿನಲ್ಲೇ ಇದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಧ್ವನಿಯಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇರುತ್ತದೆ. ಒಳ್ಳೆಯ ಹೆಡ್‌ಫೋನ್ ಅದನ್ನು ಇನ್ನಷ್ಟು ಚೆನ್ನಾಗಿ ಕೇಳಿಸುತ್ತದೆ. ತಂಬೂರಿ ಶ್ರುತಿ ಹರಿಯುವ ರೆಕಾರ್ಡಿಂಗಿನಲ್ಲಿ ಹಮ್ ಹುಡುಕಬೇಡಿ, ಅದರಲ್ಲೇ ಅಡಗಿಕೊಳ್ಳುತ್ತದೆ.

ಪಾಸ್ ಮಾಡಿದರೂ ನಿಲ್ಲಲಿಲ್ಲ. ಈಗ ಗುಂಡಿಯನ್ನು ಸೊನ್ನೆಗೆ ಇಳಿಸಿ. ನಿಂತರೆ ಶಬ್ದ ಗುಂಡಿಗೆ ಮೊದಲೇ ಒಳಬರುತ್ತಿದೆ. ನಿಲ್ಲದಿದ್ದರೆ ಆಂಪ್‌ನ ಒಳಗಿನದು, ಅಥವಾ ಅದರ ಅಡಾಪ್ಟರ್. ಆಂಪ್‌ನ ಹಿಂದಿನ ಎಲ್ಲ ಕೇಬಲ್ ಕಿತ್ತು ಮತ್ತೊಮ್ಮೆ ಕೇಳಿ, ಖಾತ್ರಿಯಾಗುತ್ತದೆ. ಸದ್ದು ಗುಂಯ್ ಅನ್ನದೆ ಸುಯ್ ಅನ್ನುತ್ತಿದ್ದು, ಕಿವಿಯಲ್ಲಿರುವುದು 16 ಓಮ್‌ನ ಸೂಕ್ಷ್ಮ ಇನ್-ಇಯರ್ ಆದರೆ ಅದು ಗೇನ್ ಹೆಚ್ಚಾದದ್ದು. ಟೇಬಲ್ ಮೇಲಿನ ದೊಡ್ಡ ಆಂಪ್ ಅದಕ್ಕೆ ಬೇಕಾಗಿಯೂ ಇಲ್ಲ.

ಕಂಪ್ಯೂಟರ್ ಜೋಡಿಸಿದಾಗಷ್ಟೇ ಹಮ್ ಬರುತ್ತದೆ ಅಂದರೆ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ನಿಂತಿತೇ? ಚಾರ್ಜರ್ ಸೋರಿಕೆ, ಅಥವಾ ಅರ್ಥ್ ಲೂಪ್. ಕಂಪ್ಯೂಟರ್, ಡ್ಯಾಕ್, ಆಂಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಧಕ್ಕರ್ಧ ಪ್ರಕರಣ ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಯುಎಸ್‌ಬಿ ಬದಲು ಆಪ್ಟಿಕಲ್ ಕೇಬಲ್ ಬಳಸಿ. ಬೆಳಕಿನಲ್ಲಿ ಹೋಗುವ ಸಿಗ್ನಲ್ಲಿಗೆ ಅರ್ಥ್ ಅಂಟುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದೊಡ್ಡ ಪಿನ್ ಮುರಿದು ಹಮ್ ನಿಲ್ಲಿಸಿದೆ ಅಂತ ಹೆಮ್ಮೆಪಡುವವರ ಮಾತು ಕೇಳಬೇಡಿ, ಆ ಪಿನ್ ಇರುವುದು ನಿಮ್ಮ ಜೀವಕ್ಕೆ.

ಚಿತ್ರದುರ್ಗದ ಕೋಟೆಯ ಬುಡದ ಕಡೆ ಗೆಳೆಯರೊಬ್ಬರ ಮನೆಯಲ್ಲಿ ಮೇಲಿನದ್ಯಾವುದೂ ನಡೆಯಲಿಲ್ಲ. ಹಮ್ ಜೊತೆಗೆ ಆಂಪ್‌ನ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿತ್ತು. ಮೀಟರಿನಲ್ಲಿ ಆಂಪ್ ಮೈಗೂ ನೆಲಕ್ಕೂ ನಡುವೆ ಎಸಿ ನೂರರ ಹತ್ತಿರ ತೋರಿಸಿತು. ಅರ್ಥ್ ಕಡಿದ ಮನೆಯ ಗುರುತು ಇದು: ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಒಂದು ಫೇಸಿಗೂ ಮೈಗೂ, ಇನ್ನೊಂದು ನ್ಯೂಟ್ರಲ್‌ಗೂ ಮೈಗೂ ನಡುವೆ ಕೂತು, 230ರ ಅರ್ಧದಷ್ಟನ್ನು ಲೋಹದ ಮೈಗೆ ತಂದು ನಿಲ್ಲಿಸುತ್ತವೆ. ಕರೆಂಟ್ ತೀರಾ ಅಲ್ಪ, ಆದರೆ ಆರ್‌ಸಿಎ ಕೇಬಲ್ಲಿನ ಹೊರಜಾಲರಿಯಲ್ಲಿ ಹರಿದು ಹಮ್ ಆಗಲು ಅಷ್ಟೇ ಸಾಕು. ಎಲೆಕ್ಟ್ರಿಷಿಯನ್ ಹೋಲ್ಡರಿನ ಬಲ್ಬನ್ನು ಫೇಸಿಗೂ ಅರ್ಥಿಗೂ ಹಿಡಿದ. ಫಿಲಮೆಂಟ್ ಕೆಂಪಗೆ ಕಂಡದ್ದು ಬಿಟ್ಟರೆ ಉರಿಯಲಿಲ್ಲ. ಹಿತ್ತಿಲಲ್ಲಿ ಅರ್ಥ್ ಗುಂಡಿಯ ಮುಚ್ಚಳ ಎತ್ತಿದರೆ ಮಣ್ಣು ಬೂದಿಯಂತೆ ಒಣಗಿ ಪೈಪಿನಿಂದ ಬಿಟ್ಟುಕೊಂಡಿತ್ತು, ಕ್ಲಾಂಪಿನ ಬೋಲ್ಟ್ ಹಸಿರು ಕಿಲುಬು ಹಿಡಿದಿತ್ತು. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಗೆ ತೇವ ಬೇಕೇ ಬೇಕು. ಮಳೆ ಕಡಿಮೆ, ಕೆಳಗೆ ಬಂಡೆ, ಅಂಥ ಕಡೆ ಬೇಸಿಗೆಯಲ್ಲಿ ನೀರು ಹಾಕದಿದ್ದರೆ ಅದು ಹೆಸರಿಗೆ ಮಾತ್ರ ಅರ್ಥ್. ಬೋಲ್ಟ್ ಉಜ್ಜಿ ಬಿಗಿದು, ಕೊಡಗಟ್ಟಲೆ ನೀರು ಹೊಯ್ದ ಮೇಲೆ ಬಲ್ಬ್ ಪೂರ್ತಿ ಉರಿಯಿತು, ಆಂಪ್ ಸುಮ್ಮನಾಯಿತು. ಅವರು ಅಷ್ಟರಲ್ಲಿ ಹೊಸ ಆಂಪ್‌ನ ಬೆಲೆ ವಿಚಾರಿಸಿಯಾಗಿತ್ತು. ಬಲ್ಬಿನ ಪರೀಕ್ಷೆ ಎಲೆಕ್ಟ್ರಿಷಿಯನ್ನನದು, ನೀವು ಮಾಡಬೇಡಿ. ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗುವುದೂ ಸಹಜ.

ಕರೆಂಟ್ ಹೋದಾಗಷ್ಟೇ ಶುರುವಾಗುವ ಗರ್ ಅನ್ನುವ ಒರಟು ಸದ್ದು ಬೇರೆ. ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಜಾತಿಯದಾದರೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಹೀಗೇ ಗೊಣಗುತ್ತದೆ. ಸೈನ್ ವೇವ್ ಯುಪಿಎಸ್‌ನಲ್ಲಿ ಈ ಗೋಳು ಕಡಿಮೆ. ಫ್ಯಾನಿನ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೂ ಒಮ್ಮೆ ಆರಿಸಿ ನೋಡಿ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದ್ದು, ಮೋಟಾರ್ ಎದ್ದಾಗೊಮ್ಮೆ ಟಪ್ ಅಂದರೆ ಅದು ನಿಮ್ಮ ಕೈಯಲ್ಲಿಲ್ಲ.

ದನಿ ಒಡೆಯುವುದು

ಒಡಕು ದನಿಯ ತವರು ತಿಳಿಯಲು ಎರಡು ವಾಲ್ಯೂಮ್ ಸಾಕು. ಆಂಪ್ ಗುಂಡಿ ತಗ್ಗಿಸಿದರೂ ಒಡಕು ಸಣ್ಣ ದನಿಯಲ್ಲಿ ಹಾಗೇ ಉಳಿದು, ಕಂಪ್ಯೂಟರಿನ ವಾಲ್ಯೂಮ್ ತಗ್ಗಿಸಿದಾಗ ಹೋದರೆ ಅದು ಡಿಜಿಟಲ್ ಕ್ಲಿಪ್ಪಿಂಗ್, ಅಂದರೆ ಮಿತಿ ಮೀರಿದ ಸಿಗ್ನಲ್ಲಿನ ತಲೆ ಕತ್ತರಿಸಿಹೋದದ್ದು. ಈಕ್ವಲೈಸರಿನಲ್ಲಿ ಬೇಸ್ 6 ಡೆಸಿಬಲ್ ಏರಿಸಿ, ಅದರಲ್ಲೇ ಒಟ್ಟು ಮಟ್ಟ ತಗ್ಗಿಸುವ ಪ್ರೀಆಂಪ್ ಅಷ್ಟೇ ಇಳಿಸುವುದನ್ನು ಬಿಟ್ಟಿರುತ್ತಾರೆ. ಆಂಪ್ ಗುಂಡಿ ತಗ್ಗಿಸಿದಾಗಲೇ ಹೋದರೆ ಆಂಪ್ ಸಾಲುತ್ತಿಲ್ಲ. ಇದೊಂದೇ ಸಂದರ್ಭದಲ್ಲಿ ಹೊಸ ಆಂಪ್‌ನ ಮಾತು ಸರಿ.

ಎರಡಕ್ಕೂ ಬಗ್ಗದೆ, ಕೆಲವೇ ಸ್ವರಗಳಲ್ಲಿ, ತಬಲಾದ ಡಗ್ಗಾ ಬಂದಾಗ ಪರಪರ ಅಂದರೆ? ಡ್ರೈವರಿಗೆ ಕೂದಲು ತಾಗಿದೆ. ಸೆನ್‌ಹೈಸರ್ 600ರ ಮನೆತನದಲ್ಲಿ ಇದು ಮಾಮೂಲು. ದನಿ ಸಣ್ಣಗಿಟ್ಟು 20ರಿಂದ 200 ಹರ್ಟ್ಸ್ ತನಕ ಟೋನನ್ನು ನಿಧಾನ ಏರಿಸಿ, ಯಾವುದೋ ಒಂದು ಜಾಗದಲ್ಲಿ ಕೂದಲು ಮಾತಾಡುತ್ತದೆ. ಪ್ಯಾಡ್ ಕಳಚಿ, ಒಳಗಿನ ತೆಳು ಸ್ಪಂಜು ತೆಗೆದು, ಟಾರ್ಚ್ ಓರೆಗೆ ಹಿಡಿದರೆ ಜಾಲರಿಯಲ್ಲಿ ಸಿಕ್ಕ ಕೂದಲು ಮಿಂಚುತ್ತದೆ. ಚಿಮುಟದಿಂದ ಹೊರಗಿನ ತುದಿ ಹಿಡಿದು ಎಳೆಯಿರಿ. ಪ್ಲಾನರ್ ಹತ್ತಿರ ಕಬ್ಬಿಣದ ಚಿಮುಟ ಒಯ್ಯಬೇಡಿ, ಆಯಸ್ಕಾಂತ ಕೈಯಿಂದ ಕಿತ್ತುಕೊಂಡು ಡಯಾಫ್ರಮ್ ಹರಿಯುತ್ತದೆ. ಬಾಯಿಂದ ಜೋರಾಗಿ ಊದುವುದು, ವ್ಯಾಕ್ಯೂಮ್ ಹಿಡಿಯುವುದು ಬೇಡವೇ ಬೇಡ.

ಹೋಲಿಸುವಾಗಿನ ಮೋಸ

ಎರಡು ಆಂಪ್ ಹೋಲಿಸಿ "ಇದರಲ್ಲಿ ಜೀವ ಇದೆ" ಅನ್ನುವ ಮುಂಚೆ ದನಿಯ ಮಟ್ಟ ಸಮ ಮಾಡಿ. ಅರ್ಧ ಡೆಸಿಬಲ್ ಹೆಚ್ಚಿದ್ದರೆ ಜೋರು ಅನಿಸುವುದಿಲ್ಲ, ಚೆಂದ ಅನಿಸುತ್ತದೆ. ಹೆಡ್‌ಫೋನ್ ಚುಚ್ಚಿರುವಾಗಲೇ 100 ಹರ್ಟ್ಸ್ ಟೋನ್ ಬಿಟ್ಟು ಎರಡೂ ಆಂಪ್‌ಗಳ ಎಸಿ ವೋಲ್ಟೇಜ್ ಶೇಕಡಾ 1ರೊಳಗೆ ಕೂಡಿಸಿದರೆ 0.1 ಡೆಸಿಬಲ್‌ಗಿಂತ ಕಡಿಮೆ ವ್ಯತ್ಯಾಸ ಉಳಿಯುತ್ತದೆ. ಟೋನನ್ನು ಕಿಲೋಹರ್ಟ್ಸ್‌ಗಟ್ಟಲೆ ಏರಿಸಬೇಡಿ, ಅಗ್ಗದ ಮೀಟರುಗಳು ಅಲ್ಲಿ ಸುಳ್ಳು ಹೇಳುತ್ತವೆ. ಎರಡು ಬೇರೆ ಹೆಡ್‌ಫೋನ್ ಹೋಲಿಸುವಾಗ ಈ ಉಪಾಯ ನಡೆಯದು, ಅಲ್ಲಿ ಕಿವಿಯೇ ಗತಿ.

ಸಮ ಮಾಡಿದ ಮೇಲೂ ಸ್ವಭಾವ ಬೇರೆಯೆನಿಸಿದರೆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಹೊರಬಾಗಿಲಲ್ಲಿ ಆಂಪೇ ಒಡ್ಡುವ ತಡೆ) ಅಳೆಯಿರಿ. ಏನೂ ಚುಚ್ಚದೆ 100 ಹರ್ಟ್ಸ್‌ನಲ್ಲಿ ವೋಲ್ಟೇಜ್ ನೋಡಿ, ಆಮೇಲೆ 33 ಓಮ್ ರೆಸಿಸ್ಟರ್ ಅಡ್ಡ ಹಾಕಿ ನೋಡಿ. 1 ವೋಲ್ಟ್ ಇದ್ದದ್ದು 0.77ಕ್ಕೆ ಇಳಿದರೆ, 1 ಭಾಗಿಸು 0.77, ಅದರಲ್ಲಿ 1 ಕಳೆದು 33ರಿಂದ ಗುಣಿಸಿ: ಸುಮಾರು 10 ಓಮ್. ಇದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗದೊಳಗೆ ಇರಲಿ ಅನ್ನುವುದು ರೂಢಿ. ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಇರುವ ಟ್ಯೂಬ್ (ಗಾಜಿನ ವಾಲ್ವ್) ಆಂಪ್‌ಗೆ ಎಚ್‌ಡಿ 600 ಹಾಕಿದರೆ 100 ಹರ್ಟ್ಸ್ ಆಸುಪಾಸಿನ ಬೇಸ್ ಒಂದು ಡೆಸಿಬಲ್‌ನಷ್ಟು ಉಬ್ಬುತ್ತದೆ, ಯಾಕೆಂದರೆ ಅಲ್ಲಿ ಆ ಹೆಡ್‌ಫೋನಿನ ಇಂಪೀಡೆನ್ಸ್ 300ನ್ನು ಬಹಳ ಮೀರಿ ಏರುತ್ತದೆ. "ಟ್ಯೂಬಿನ ಬೆಚ್ಚನೆಯ ದನಿ" ಅನ್ನುವುದರಲ್ಲಿ ಒಂದು ಪಾಲು ಇದೇ. ಇಷ್ಟವಾದರೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಅದೇ ಆಂಪ್‌ಗೆ 20 ಓಮ್‌ನ ಎಲ್‌ಸಿಡಿ-ಎಕ್ಸ್ ಹಾಕಿದರೆ, ಪ್ಲಾನರಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸ್ವರೂಪ ಕೆಡುವುದಿಲ್ಲ, ಆದರೆ ವೋಲ್ಟೇಜಿನ ಏಳನೇ ಒಂದು ಭಾಗವಷ್ಟೇ ಹೆಡ್‌ಫೋನಿಗೆ ಸಿಗುತ್ತದೆ.

ಚುಚ್ಚುವ ಮುನ್ನ

ಹಳೆಯದು ಕೊಂಡ ಆಂಪ್ ಆದರೆ ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯದೆ ಒಳ್ಳೆಯ ಹೆಡ್‌ಫೋನ್ ಚುಚ್ಚಬೇಡಿ. ಹತ್ತಿಪ್ಪತ್ತು ಮಿಲಿವೋಲ್ಟ್ ಪರವಾಗಿಲ್ಲ, ಐವತ್ತು ದಾಟಿದರೆ ರಿಪೇರಿಗೆ ಕೊಡಿ, ವೋಲ್ಟುಗಳಲ್ಲಿ ತೋರಿಸಿದರೆ ಆರಿಸಿಬಿಡಿ. ಟ್ಯೂಬ್ ಆಂಪ್ ಆದರೆ ಕಾದು ಬಿಸಿಯಾದ ಮೇಲೆಯೇ ಹೆಡ್‌ಫೋನ್, ಆರಿಸುವ ಮುಂಚೆ ಅದನ್ನು ಕೀಳುವುದು. ಎಡ-ಬಲಕ್ಕೆ ಬೇರೆ ಬೇರೆ ಮೈನಸ್ ಇರುವ ಬ್ಯಾಲೆನ್ಸ್ಡ್ ಔಟ್‌ಪುಟ್ಟಿಗೆ, ಅಂದರೆ 4 ಪಿನ್ ಎಕ್ಸ್‌ಎಲ್‌ಆರ್ ಅಥವಾ 4.4 ಮಿಮೀಗೆ, ಸಾದಾ ಮೂರು ಭಾಗದ ಜ್ಯಾಕ್ ಸೇರಿಸುವ ಅಡಾಪ್ಟರ್ ಹಾಕಲೇಬಾರದು. ಎಡ-ಬಲದ ಮೈನಸ್‌ಗಳೆರಡೂ ಒಂದಕ್ಕೊಂದು ಶಾರ್ಟ್ ಆಗಿ ಆಂಪ್ ಹೋಗುತ್ತದೆ. ಇದರ ತಿರುಗುಮುರುಗು, ಅಂದರೆ ಬ್ಯಾಲೆನ್ಸ್ಡ್ ಕೇಬಲ್ಲನ್ನು ಸಾದಾ ಔಟ್‌ಪುಟ್ಟಿಗೆ ಇಳಿಸುವುದು, ಅಪಾಯವಿಲ್ಲ.

ಟ್ಯೂಬ್ ಆಂಪ್‌ನ, ಸ್ಟ್ಯಾಕ್ಸ್ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಓಡಿಸುವ ಡ್ರೈವರ್ ಯೂನಿಟ್ಟಿನ ಮುಚ್ಚಳ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಈಗಿನ ಸ್ಟ್ಯಾಕ್ಸ್‌ನ ಬಯಾಸೇ (ಪೊರೆಗೆ ಸದಾ ಕೊಡುವ ವೋಲ್ಟೇಜು) 580 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಕೂತಿರುತ್ತದೆ. ಅಂಥದ್ದನ್ನು ಕೊರಿಯರ್‌ನಲ್ಲಿ ಕಳಿಸುವಾಗ ಟ್ಯೂಬ್ ಕಳಚಿ ಬೇರೆ ಡಬ್ಬಿಯಲ್ಲಿಡಿ, ಮೇಲಿನ ಪರೀಕ್ಷೆಗಳಲ್ಲಿ ಏನೇನು ಕಂಡಿತು ಅಂತ ಒಂದು ಚೀಟಿ ಬರೆದು ಒಳಗೆ ಹಾಕಿ. "ಸರಿ ಇಲ್ಲ, ನೋಡಿ" ಅಂತಷ್ಟೇ ಬರೆದ ಚೀಟಿಯಿಂದ ರಿಪೇರಿಯವನಿಗೆ ಏನೂ ತಿಳಿಯದು; "ಬಲಗಡೆ 300 ಮಿಲಿವೋಲ್ಟ್ ಡಿಸಿ, ಆರ್‌ಸಿಎ ಕಿತ್ತರೂ ಇದೆ" ಅಂದರೆ ಅವನು ನೇರ ಅಲ್ಲಿಗೇ ಕೈಹಾಕುತ್ತಾನೆ.